ಮಾಲೂರಿನಿಂದ ನೋಡಿದ ಜೂನ್ 6

'ಇತಿಹಾಸದಲ್ಲಿ ಈ ದಿನ' ಎಂಬ ಪುಟ್ಟ ಅಂಕಣ ಯಾರಿಗೆ ಗೊತ್ತಿಲ್ಲ? ಪತ್ರಿಕೆಯ ಮೂಲೆಯಲ್ಲಿ ಇರುತ್ತದೆ, ರೇಡಿಯೊದಲ್ಲಿ ಬೆಳಗಿನ ಸುದ್ದಿಯ ಆಚೀಚೆ ಬರುತ್ತದೆ, ಸರ್ಕಾರಿ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತು ಗಟ್ಟಿಯಾಗಿ ಓದುತ್ತಾಳೆ. ಜೂನ್ 6ಕ್ಕೆ ಆ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: 1674, ರಾಯಗಡದಲ್ಲಿ ಶಿವಾಜಿಯ ಪಟ್ಟಾಭಿಷೇಕ. 1799, ರಷ್ಯಾದ ಕವಿ ಪುಷ್ಕಿನ್ ಜನನ. 1944, ನಾರ್ಮಂಡಿಯ ಕಡಲ ದಂಡೆಗೆ ಮಿತ್ರಪಡೆಗಳು ಇಳಿದದ್ದು. 1968, ರಾಬರ್ಟ್ ಕೆನಡಿ ಗುಂಡೇಟಿನಿಂದ ಸತ್ತದ್ದು. 1984, ಅಮೃತಸರದ ಸ್ವರ್ಣಮಂದಿರದಲ್ಲಿ ಸೇನಾ ಕಾರ್ಯಾಚರಣೆ.

ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಇನ್ನೊಂದು ಸಾಲು ಅದರೊಳಗೆ ಇರಲೇಬೇಕಿತ್ತು, ಅದು ಎಷ್ಟೋ ಕಡೆ ಇರುವುದಿಲ್ಲ. 1891ರ ಜೂನ್ 6, ಶನಿವಾರ, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ರಾಮಸ್ವಾಮಿ ಅಯ್ಯಂಗಾರ್, ತಿರುಮಲಮ್ಮ ದಂಪತಿಗೆ ಒಂದು ಗಂಡುಮಗು ಹುಟ್ಟಿತು. ಆ ಮಗು ಬೆಳೆದು ಮಾಸ್ತಿ ವೆಂಕಟೇಶ ಅಯ್ಯಂಗಾರ್ ಆಯಿತು. 1986ರಲ್ಲಿ ಅವರು ತೀರಿಕೊಂಡದ್ದೂ ಜೂನ್ 6ರಂದೇ, ತೊಂಬತ್ತೈದು ತುಂಬಿದ ದಿನ. ಹುಟ್ಟಿದ ತಾರೀಖಿಗೇ ಹೊರಟುಹೋದ ದೊಡ್ಡವರು ಜಗತ್ತಿನಲ್ಲಿ ಕೆಲವರಷ್ಟೇ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಡಾ. ಬಿ.ಸಿ. ರಾಯ್ ಹುಟ್ಟಿದ್ದು 1882ರ ಜುಲೈ 1, ತೀರಿಕೊಂಡದ್ದು 1962ರ ಜುಲೈ 1. ದೇಶ ಆ ದಿನವನ್ನು ವೈದ್ಯರ ದಿನ ಮಾಡಿಕೊಂಡಿತು. ನಮ್ಮ ಜಿಲ್ಲೆಯವರ ಜೂನ್ 6 ಮಾತ್ರ ಒಂದು ಹಾರ, ಒಂದು ಭಾಷಣಕ್ಕೆ ಮುಗಿಯುತ್ತಿದೆ.

ಈ ದಿನದ ಬಗ್ಗೆ ಪಂಚಾಂಗ ಬಲ್ಲವರಿಗೆ ರುಚಿಸುವ ಒಂದು ಸಂಗತಿ ಇದೆ. ನಮ್ಮ ಮನೆಗಳಲ್ಲಿ ಹಿರಿಯರ ದಿನವನ್ನು ತಿಥಿಯ ಲೆಕ್ಕದಲ್ಲಿ ಮಾಡುತ್ತೇವೆ, ಇಂಗ್ಲಿಷ್ ತಾರೀಖು ಬೇರೆ ದಾರಿ ಹಿಡಿಯುತ್ತದೆ. ಆದರೆ ಹತ್ತೊಂಬತ್ತು ವರ್ಷಕ್ಕೊಮ್ಮೆ ಚಂದ್ರನ ಲೆಕ್ಕವೂ ಸೂರ್ಯನ ಲೆಕ್ಕವೂ ಒಂದೆಡೆ ಕೂಡುತ್ತವೆ. 235 ಚಾಂದ್ರಮಾಸ ಎಂದರೆ ಹತ್ತೊಂಬತ್ತು ವರ್ಷಕ್ಕೆ ಕೆಲವೇ ಗಂಟೆ ಆಚೀಚೆ. ತೊಂಬತ್ತೈದು ಎಂದರೆ ಐದು ಹತ್ತೊಂಬತ್ತು. 1891ರ ಜೂನ್ 6 ಅಮಾವಾಸ್ಯೆ. ಅಂದು ಭೂಮಿಯ ಉತ್ತರದ ಕೊನೆಯಲ್ಲಿ ಕಂಕಣ ಸೂರ್ಯಗ್ರಹಣವೂ ಆಯಿತು. ಆ ಹೊತ್ತಿಗೆ ಮಾಲೂರಿನಲ್ಲಿ ರಾತ್ರಿ, ಯಾರಿಗೂ ಕಾಣುವಂತಿರಲಿಲ್ಲ. 1986ರ ಜೂನ್ 6 ಅಮಾವಾಸ್ಯೆಯ ಹೊಸ್ತಿಲು. ತಾರೀಖಿನಲ್ಲಿ ಒಂದೇ ದಿನ, ತಿಥಿಯಲ್ಲೂ ಹೆಚ್ಚುಕಡಿಮೆ ಅದೇ ಜಾಗ. ಇದರಲ್ಲಿ ಪವಾಡವೇನೂ ಇಲ್ಲ, ಲೆಕ್ಕ ಅಷ್ಟೇ. ಆದರೂ ಕಾಗದ ಪೆನ್ಸಿಲು ಹಿಡಿದು ಕೂಡಿಸಿ ನೋಡಿದಾಗ ಮನಸ್ಸು ಒಂದು ಗಳಿಗೆ ನಿಂತುಬಿಡುತ್ತದೆ.

ಅದೇ 1891ರ ಜೂನ್ 6ರಂದು ಭೂಮಿಯ ಆ ಬದಿಯಲ್ಲಿ, ಒಟ್ಟಾವಾದಲ್ಲಿ, ಕೆನಡಾದ ಮೊದಲ ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್ ಕೊನೆಯುಸಿರೆಳೆದ. ಅವನ ದಿನವನ್ನು ಕಾಲಗಣನೆಯ ಪುಸ್ತಕಗಳು ಕೂಡಲೇ ಬರೆದುಕೊಂಡವು. ಹುಂಗೇನಹಳ್ಳಿಯ ದಿನವನ್ನು ಜಾತಕ ಬರೆದವರು ಮಾತ್ರ ಬರೆದುಕೊಂಡಿರಬೇಕು. ಅಷ್ಟಾದರೂ ಆಯಿತಲ್ಲ ಎನ್ನಬೇಕು. ಏಕೆಂದರೆ ನಮ್ಮ ಕಡೆ ಹುಟ್ಟಿದ ದಿನ ಎನ್ನುವುದೇ ಬಹಳ ಮಂದಿಗೆ ಇರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟರು ಮಗುವಿನ ಕೈ ತಲೆಯ ಮೇಲಿಂದ ಬಳಸಿ ಕಿವಿ ಮುಟ್ಟುತ್ತದೆಯೇ ಎಂದು ನೋಡಿ, ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಅರವತ್ತು ದಾಟಿದವರ ಆಧಾರ್ ಕಾರ್ಡುಗಳನ್ನು ತೆಗೆದು ನೋಡಿ, ಎಷ್ಟು ಮನೆಗಳಲ್ಲಿ ಜೂನ್ 1 ಸಿಗುತ್ತದೆ! ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿ ಮೈಸೂರನ್ನು ಆಳಿದ ಹೈದರ್ ಅಲಿಯ ಹುಟ್ಟಿದ ವರ್ಷದ ಮೇಲೇ ಚರಿತ್ರೆಕಾರರಿಗೆ ಒಮ್ಮತವಿಲ್ಲ.

ಹೈದರನ ಹೆಸರು ಬಂದದ್ದರಿಂದ ಹೇಳಬೇಕು. ಅವನಿಗೂ ಒಂದು ಜೂನ್ 6 ಇದೆ, ನೇರವಾಗಿ ಅಲ್ಲದಿದ್ದರೂ. ಅದು 1761ರದ್ದು. ಅಂದು ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಸಣ್ಣ ಕಪ್ಪು ಚುಕ್ಕೆಯಾಗಿ ಹಾದುಹೋಯಿತು. ಶುಕ್ರ ಸಂಕ್ರಮ ಎಂದು ಕರೆಯುವ ಈ ಘಟನೆ ಎಂಟು ವರ್ಷದ ಅಂತರದಲ್ಲಿ ಎರಡು ಸಲ ನಡೆದರೆ ಮತ್ತೆ ನೂರು ವರ್ಷಕ್ಕೂ ಮೇಲೆ ನಡೆಯುವುದಿಲ್ಲ. ಅದನ್ನು ಭೂಮಿಯ ಬೇರೆಬೇರೆ ಕಡೆಗಳಿಂದ ನೋಡಿ ಸಮಯ ಗುರುತಿಸಿಕೊಂಡರೆ ಸೂರ್ಯ ಎಷ್ಟು ದೂರವಿದ್ದಾನೆ ಎಂದು ಲೆಕ್ಕ ಹಾಕಬಹುದು ಎಂದು ಎಡ್ಮಂಡ್ ಹ್ಯಾಲಿ ಮೊದಲೇ ಹೇಳಿ ಹೋಗಿದ್ದ. ಹಾಗಾಗಿ ಯುರೋಪಿನ ವಿಜ್ಞಾನಿಗಳು ದೂರದರ್ಶಕ, ಗಡಿಯಾರ ಹೊತ್ತು ದಿಕ್ಕುದಿಕ್ಕಿಗೆ ಹೊರಟರು. ಫ್ರಾನ್ಸಿನ ಲ ಜಾಂತಿ ಎಂಬ ಖಗೋಳಜ್ಞನಿಗೆ ಗೊತ್ತಾದ ಜಾಗ ನಮ್ಮ ಪಕ್ಕದ ಪಾಂಡಿಚೇರಿ.

ಅವನು 1760ರ ಮಾರ್ಚಿನಲ್ಲಿ ಫ್ರಾನ್ಸ್ ಬಿಟ್ಟ. ಆಗ ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ, ಪಾಂಡಿಚೇರಿಗೆ ಇಂಗ್ಲಿಷರ ಮುತ್ತಿಗೆ. ಊರನ್ನು ಉಳಿಸಿಕೊಳ್ಳಲು ಫ್ರೆಂಚ್ ಸೇನಾಪತಿ ಲಾಲಿ ಯಾರ ನೆರವು ಕೇಳಿದ? ಬೂದಿಕೋಟೆಯ ಹೈದರನ ನೆರವು! ಹೈದರ್ 1760ರಲ್ಲಿ ಮಖ್ದೂಮ್ ಅಲಿಯ ಕೈಯಲ್ಲಿ ಒಂದು ಪಡೆ ಕಳಿಸಿಯೂ ಕೊಟ್ಟ. ಅಷ್ಟರಲ್ಲಿ ಶ್ರೀರಂಗಪಟ್ಟಣದಲ್ಲಿ ಅವನ ಕೈಕೆಳಗೇ ಇದ್ದ ಖಂಡೇರಾಯ ಅವನ ಮೇಲೆ ತಿರುಗಿಬಿದ್ದ. ಮನೆಗೇ ಬೆಂಕಿ ಬಿದ್ದಿರುವಾಗ ಪಾಂಡಿಚೇರಿ ಯಾರಿಗೆ ಬೇಕು? 1761ರ ಜನವರಿಯಲ್ಲಿ ಪಾಂಡಿಚೇರಿ ಇಂಗ್ಲಿಷರ ವಶವಾಯಿತು. ಲ ಜಾಂತಿಯ ಹಡಗು ಮಲಬಾರಿನ ಕರಾವಳಿಗೆ ಬರುವ ಹೊತ್ತಿಗೆ ಆ ಸುದ್ದಿ ಅವನ ಕಿವಿಗೆ ಬಿತ್ತು, ಹಡಗು ಹಿಂದಿರುಗಿತು. ಜೂನ್ 6ರಂದು ಅವನು ನಡುಗಡಲಿನಲ್ಲಿದ್ದ. ಆಕಾಶ ನಿರ್ಮಲವಾಗಿತ್ತು, ಶುಕ್ರ ಚೆನ್ನಾಗಿ ಕಂಡಿತು. ಆದರೆ ತೂಗಾಡುವ ಹಡಗಿನಲ್ಲಿ ನಿಂತು ಸೆಕೆಂಡಿನ ಲೆಕ್ಕ ಹಿಡಿಯುವುದು ಹೇಗೆ? ಅಳತೆ ಯಾವ ಪ್ರಯೋಜನಕ್ಕೂ ಬರಲಿಲ್ಲ. ಇತ್ತ ಮದ್ರಾಸಿನಲ್ಲಿ ವಿಲಿಯಂ ಹರ್ಸ್ಟ್ ಎಂಬ ಇಂಗ್ಲಿಷ್ ಪಾದ್ರಿ ಗಟ್ಟಿ ನೆಲದ ಮೇಲೆ ನಿಂತು ಅದನ್ನೇ ನೋಡಿದ.

ಲ ಜಾಂತಿ ಮನೆಗೆ ಹೋಗಲಿಲ್ಲ. ಎಂಟು ವರ್ಷ ಕಾದರೆ ಇನ್ನೊಮ್ಮೆ ನೋಡಬಹುದಲ್ಲ ಎಂದು ಈ ಕಡೆಯೇ ಉಳಿದ. 1769ರ ಜೂನಿನಲ್ಲಿ, ಫ್ರೆಂಚರಿಗೆ ಮರಳಿ ಸಿಕ್ಕಿದ್ದ ಪಾಂಡಿಚೇರಿಯಲ್ಲಿ ಎಲ್ಲ ಸಿದ್ಧಮಾಡಿಕೊಂಡು ಕೂತ. ಆ ಬೆಳಗ್ಗೆ ಮೋಡ ಕವಿಯಿತು. ಸಂಕ್ರಮ ಮುಗಿದ ಮೇಲೆ ಸೂರ್ಯ ಹೊರಗೆ ಬಂದ. 1771ರಲ್ಲಿ ಊರು ಸೇರಿದಾಗ ಅವನು ಸತ್ತುಹೋದನೆಂದು ತೀರ್ಮಾನಿಸಿ ನೆಂಟರು ಆಸ್ತಿ ಹಂಚಿಕೊಳ್ಳುತ್ತಿದ್ದರು. 'ಈ ದಿನ'ದ ಪಟ್ಟಿಯಲ್ಲಿ ಇದು 'ಶುಕ್ರ ಸಂಕ್ರಮ, 1761' ಎಂಬ ಒಂದೇ ಸಾಲು. ಅದರೊಳಗೆ ಕೋಲಾರ ಸೀಮೆಯ ಒಬ್ಬ ಸಿಪಾಯಿಯ ಮಗ, ಒಂದು ಮುತ್ತಿಗೆ, ಹನ್ನೊಂದು ವರ್ಷದ ಒಂದು ಪಯಣ ಎಲ್ಲವೂ ಇದೆ. ಹೈದರ್ ಅದೇ 1761ರಲ್ಲಿ ಖಂಡೇರಾಯನನ್ನು ಅಡಗಿಸಿ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡ. ಅವನ ತಂದೆ ಫತೇ ಮಹಮ್ಮದನ ಗೋರಿ ಇವತ್ತಿಗೂ ಕೋಲಾರ ಪಟ್ಟಣದ ಮಕ್ಬರಾದಲ್ಲಿದೆ. 2012ರ ಜೂನ್ 6ರ ಬೆಳಗ್ಗೆ ಸೂರ್ಯ ಹುಟ್ಟುವಾಗಲೇ ಶುಕ್ರ ಮತ್ತೆ ಅವನ ಮೇಲಿತ್ತು. ಇನ್ನೊಮ್ಮೆ ಅದು ನಡೆಯುವುದು 2117ರ ಡಿಸೆಂಬರಿನಲ್ಲಿ.

ಶಿವಾಜಿಯ 1674ರ ಪಟ್ಟಾಭಿಷೇಕವೂ ನಮಗೆ ದೂರದ ಸುದ್ದಿಯಲ್ಲ. ಅವನ ತಂದೆ ಷಹಾಜಿಯ ಜಾಗೀರಿನಲ್ಲಿ ಬೆಂಗಳೂರಿನ ಜತೆ ಕೋಲಾರವೂ ಸೇರಿತ್ತು. ಪಟ್ಟಕ್ಕೆ ಬಂದ ಮೂರೇ ವರ್ಷಕ್ಕೆ ಶಿವಾಜಿ ದಕ್ಷಿಣದ ದಂಡಯಾತ್ರೆಗೆ ಬಂದದ್ದರ ಹಿಂದೆ ತಂದೆಯ ಆಸ್ತಿಯಲ್ಲಿ ತನ್ನ ಪಾಲು ಕೇಳುವ ಉದ್ದೇಶವೂ ಇತ್ತು. ರಾಯಗಡದ ಸಿಂಹಾಸನದ ಸುದ್ದಿ ಕೋಲಾರದ ಕೋಟೆಯ ಬಾಗಿಲಲ್ಲಿ ಮನೆಯ ವ್ಯಾಜ್ಯದ ಸುದ್ದಿಯಾಗಿ ಕೇಳಿಸಿರಬೇಕು.

ಇನ್ನು ಹುಟ್ಟುಹಬ್ಬದವರು. ಈ ದಿನ ಹುಟ್ಟಿದವರ ಸಾಲು ದೊಡ್ಡದು. ಹೆಸರು ಉದುರಿಸುತ್ತಾ ಹೋಗುವ ಬದಲು ನಮಗೆ ಸಂಬಂಧ ಇರುವ ಮೂವರನ್ನು ಮಾತ್ರ ಹಿಡಿಯುತ್ತೇನೆ.

ಮೊದಲನೆಯವನು ಪುಷ್ಕಿನ್. ರಷ್ಯಾದ ಹಳೆಯ ಕಾಲಗಣನೆಯಲ್ಲಿ ಮೇ 26, ಈಗಿನದರಲ್ಲಿ ಜೂನ್ 6. ವಿಶ್ವಸಂಸ್ಥೆ ಈ ದಿನವನ್ನು ರಷ್ಯನ್ ಭಾಷೆಯ ದಿನವೆಂದು ಆಚರಿಸುತ್ತದೆ. ಒಂದು ಭಾಷೆಗೆ ಒಂದು ದಿನ ಹುಡುಕುವಾಗ ಅವರು ರಾಜನ ದಿನವನ್ನೋ ಯುದ್ಧ ಗೆದ್ದ ದಿನವನ್ನೋ ತೆಗೆದುಕೊಳ್ಳಲಿಲ್ಲ, ಕವಿ ಹುಟ್ಟಿದ ದಿನ ತೆಗೆದುಕೊಂಡರು. ಎರಡನೆಯವನು ಜರ್ಮನಿಯ ಥಾಮಸ್ ಮಾನ್, 1875. ಅವನಿಗೆ ನೊಬೆಲ್ ಬಂದದ್ದು 1929ರಲ್ಲಿ. ಅದೇ ವರ್ಷ ನಮ್ಮ ಮಾಸ್ತಿಯವರು ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಮಾನ್ 1940ರಲ್ಲಿ ನಮ್ಮ ಬೇತಾಳ ಕಥೆಯೊಂದನ್ನು ಎತ್ತಿಕೊಂಡು ತಲೆ ಅದಲುಬದಲಾದ ಇಬ್ಬರು ಗೆಳೆಯರ ಕಿರುಕಾದಂಬರಿ ಬರೆದ. ಗಿರೀಶ ಕಾರ್ನಾಡರು ಅದನ್ನು ತಿರುಗಿ ಕನ್ನಡಕ್ಕೆ ಕರೆತಂದು 'ಹಯವದನ' ನಾಟಕ ಮಾಡಿದರು. ಸಂಸ್ಕೃತದಿಂದ ಜರ್ಮನ್, ಜರ್ಮನ್‌ನಿಂದ ಕನ್ನಡ. ಒಂದು ಕಥೆ ಭೂಮಿ ಸುತ್ತಿ ಮನೆಗೆ ಬಂದದ್ದು ಹೀಗೆ. ಮೂರನೆಯವನು 1901ರಲ್ಲಿ ಹುಟ್ಟಿದ ಇಂಡೊನೇಷ್ಯಾದ ಸುಕರ್ಣೋ. ಎಳವೆಯಲ್ಲಿ ಅವನ ಹೆಸರು ಕುಸ್ನೋ. ಮಗು ಪದೇಪದೇ ಕಾಯಿಲೆ ಬೀಳುತ್ತಿತ್ತೆಂದು ತಂದೆ ತನ್ನ ಮೆಚ್ಚಿನ ಕರ್ಣನ ಹೆಸರಿಟ್ಟ. ಕರ್ಣನೆಂದರೆ ಪಂಪನ ಕಾಲದಿಂದ ಕಣ್ಣೀರು ತಂದುಕೊಳ್ಳುವ ನಮಗೆ ಆ ತಂದೆಯ ಮನಸ್ಸು ಚೆನ್ನಾಗಿ ಅರ್ಥವಾಗುತ್ತದೆ.

ಈಗ ಮಾಸ್ತಿಯವರಿಗೆ ಬರೋಣ. ಲೋಕದ ಈ ಪಟ್ಟಿಗೂ ನಮ್ಮ ಹಳ್ಳಿಗೂ ನಡುವಿನ ಲೆಕ್ಕವನ್ನು ಅವರು ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲೇ ಇತ್ಯರ್ಥ ಮಾಡಿದ್ದರು. ಅವರ ಮೊದಮೊದಲ ಕಥೆಗಳಲ್ಲಿ ಒಂದು 'ರಂಗನ ಮದುವೆ'. ಕಥೆ ಹೇಳುವ ಶಾಮ ಶುರುಮಾಡುವುದೇ ತನ್ನ ಊರು ಹೊಸಹಳ್ಳಿಯ ಬಗ್ಗೆ. ಆ ಊರು ಯಾವ ಭೂಗೋಳದ ಪುಸ್ತಕದಲ್ಲೂ ಇಲ್ಲವಂತೆ. ಇಂಗ್ಲೆಂಡಿನ ಸಾಹೇಬರಿಗೆ ಗೊತ್ತಿಲ್ಲ, ನಮ್ಮವರು ಬರೆದ ಪುಸ್ತಕದಲ್ಲೂ ಸುದ್ದಿಯಿಲ್ಲ, ನಕ್ಷೆ ಬರೆದವರು ಅದನ್ನು ಬಿಟ್ಟೇಬಿಟ್ಟಿದ್ದಾರೆ. ಅದಕ್ಕೆ ಶಾಮ ಅಳುವುದಿಲ್ಲ. ನಮ್ಮೂರಿನ ಮಾವಿನ ಕಾಯಿ ಕಚ್ಚಿ ನೋಡಿ, ಹುಳಿ ನೆತ್ತಿಗೆ ಏರುತ್ತದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ನಂತರ ಬೆಂಗಳೂರಿನಲ್ಲಿ ಓದಿದ ರಂಗ ಊರಿಗೆ ಬರುತ್ತಾನೆ. ಇಂಗ್ಲಿಷ್ ಕಲಿತ ಹುಡುಗ ಹೇಗಾಗಿದ್ದಾನೋ ಎಂದು ಊರಿಗೆ ಊರೇ ಅವನ ಮನೆಯ ಮುಂದೆ ನೆರೆಯುತ್ತದೆ. ಒಬ್ಬ ಅಜ್ಜಿ ಅವನ ಎದೆ ತಡವಿ ಜನಿವಾರ ಇನ್ನೂ ಇದೆಯೆಂದು ಖಾತ್ರಿ ಮಾಡಿಕೊಳ್ಳುತ್ತಾಳೆ. ಎಲ್ಲರಿಗೂ ಸಮಾಧಾನವಾಗಿ ಮನೆಗೆ ಹೋಗುತ್ತಾರೆ. ಕಥೆ ಮುಗಿಯುವುದು ಒಂದು ಹುಟ್ಟುಹಬ್ಬದ ಊಟದ ಕರೆಯಲ್ಲಿ! ರಂಗ ತನ್ನ ಮಗನಿಗೆ ಶಾಮನ ಹೆಸರನ್ನೇ ಇಟ್ಟಿದ್ದಾನೆ. ಆ ಮಗುವಿನ ಹುಟ್ಟಿದ ದಿನಕ್ಕೆ ಬಾ ಎಂದು ಗೆಳೆಯನನ್ನು ಕರೆಯುತ್ತಾನೆ.

ಈ ಕಥೆಯ ಇಂಗ್ಲಿಷ್ ರೂಪವನ್ನು ಎನ್‌ಸಿಇಆರ್‌ಟಿ ಹನ್ನೊಂದನೇ ತರಗತಿಯ ಪುಸ್ತಕಕ್ಕೆ ಸೇರಿಸಿಕೊಂಡಿದ್ದರಿಂದ ದೆಹಲಿ, ಪಟ್ನಾ, ಗುವಾಹಟಿಯ ಮಕ್ಕಳು ಹೊಸಹಳ್ಳಿಯ ಮಾವಿನ ಹುಳಿ ಓದಿದರು. ನಕ್ಷೆಯಲ್ಲಿಲ್ಲದ ಊರಿನ ಅಂಗಳಕ್ಕೆ ಅಷ್ಟು ಮಂದಿ ಬಂದುಹೋದರು. ಮಾಲೂರು, ಮುಳಬಾಗಿಲಿನ ಎಷ್ಟು ಮಕ್ಕಳು ಅದನ್ನು ಕನ್ನಡದಲ್ಲಿ ಓದಿದ್ದಾರೆ? ನನ್ನ ತಕರಾರು ಇಷ್ಟೇ, ಇದನ್ನು ಹೇಳುವುದಕ್ಕಾಗಿಯೇ ಈ ಬರಹ.

ಮಾಸ್ತಿಯವರ ಮನೆಮಾತು ತಮಿಳು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಬಡತನದಲ್ಲಿ ಓದಿದರು. 1914ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಿಂದ ಎಂ.ಎ. ಪಡೆದರು, ಅದೂ ಇಂಗ್ಲಿಷ್ ಸಾಹಿತ್ಯದಲ್ಲಿ. ಮೈಸೂರು ಸಿವಿಲ್ ಸರ್ವಿಸ್ ಸೇರಿ ಜಿಲ್ಲಾಧಿಕಾರಿಯ ಮಟ್ಟಕ್ಕೆ ಏರಿದರು. ಬರೆಯಲು ಆರಿಸಿಕೊಂಡದ್ದು ಕನ್ನಡ, ಇಟ್ಟುಕೊಂಡ ಹೆಸರು 'ಶ್ರೀನಿವಾಸ'. 1920ರಲ್ಲಿ ಬಂದ 'ಕೆಲವು ಸಣ್ಣ ಕಥೆಗಳು' ಕನ್ನಡದಲ್ಲಿ ಸಣ್ಣಕಥೆ ಎಂಬ ಪ್ರಕಾರ ಗಟ್ಟಿಯಾಗಿ ಕಾಲೂರಿದ ಪುಸ್ತಕ. ಅಮಲ್ದಾರಿಕೆ, ಜಮಾಬಂದಿ ಎಂದು ಊರೂರು ತಿರುಗಿದ ಅಧಿಕಾರಿಗೆ ಜನ ಎದುರು ಕೂತು ಕಷ್ಟಸುಖ ಹೇಳಿಕೊಂಡದ್ದು ಅವರ ಕಥೆಗಳಲ್ಲಿ ಕೇಳಿಸುತ್ತದೆ. ಮಾಸ್ತಿಯವರ ಕಥೆ ಎಂದರೆ ಬರೆದದ್ದಲ್ಲ, ಜಗಲಿಯ ಮೇಲೆ ಯಾರೋ ಹೇಳಿದ್ದು.

'ಮೊಸರಿನ ಮಂಗಮ್ಮ'ನನ್ನು ನೋಡಿ. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಹೊತ್ತು ತರುವ ಹೆಂಗಸು. ಸೊಸೆ ಮೊಮ್ಮಗನಿಗೆ ಹೊಡೆದಳೆಂದು ಶುರುವಾದ ಜಗಳದಲ್ಲಿ ಬೇರೆಯಾಗಿ ಒಲೆ ಹೂಡುತ್ತಾಳೆ. ಕೈಯಲ್ಲಿ ಕಾಸಿರುವ ಒಂಟಿ ಹೆಂಗಸಿನ ಸುತ್ತ ಸಾಲ ಕೇಳುವವನು ಸುಳಿದಾಡುತ್ತಾನೆ. ಕೊನೆಗೆ ಮೊಮ್ಮಗು ತಾನಾಗಿ ಅಜ್ಜಿಯ ಹತ್ತಿರ ಬಂದುಬಿಡುತ್ತದೆ, ಹಟ ಮುರಿಯುತ್ತದೆ. ಕೋಲಾರದ ಯಾವ ಬೀದಿಯಲ್ಲಿ ಇಂಥ ಅಜ್ಜಿ ಇಲ್ಲ? ಇವತ್ತು ಅವಳ ತಲೆಯ ಮೇಲೆ ಮೊಸರಿನ ಗಡಿಗೆ ಇಲ್ಲ, ಡೇರಿಗೆ ಹಾಲು ಹಾಕಿ ಬರುವ ಕ್ಯಾನು ಇದೆ. ಸೊಸೆಯ ಜತೆಗಿನ ಜಗಳ ಅದೇ.

ಊರಿನ ಅಜ್ಜಿಯನ್ನು ಬರೆದವರೇ ಲೋಕದ ದೊಡ್ಡವರನ್ನೂ ಬರೆದರು. ಟಾಲ್‌ಸ್ಟಾಯ್ ಬಗ್ಗೆ ಅವರ ಕಥೆಯಿದೆ. ಮಾಸ್ತಿಯವರು ಅವನನ್ನೂ ನೋಡುವುದು ಮನೆಯವರ ಜತೆ ಹೊಂದಿಕೊಳ್ಳಲಾಗದೆ ತೊಳಲುವ ಹಿರಿಯನನ್ನಾಗಿ. ಜ್ಞಾನಪೀಠ ತಂದುಕೊಟ್ಟ 'ಚಿಕವೀರ ರಾಜೇಂದ್ರ' 1834ರಲ್ಲಿ ಇಂಗ್ಲಿಷರಿಗೆ ರಾಜ್ಯ ಕಳೆದುಕೊಂಡ ಕೊಡಗಿನ ಕೊನೆಯ ಅರಸನ ಕಥೆ. ಆ ಅರಸ ಮಗಳ ಜತೆ ಇಂಗ್ಲೆಂಡಿಗೆ ಹೋದ. ವಿಕ್ಟೋರಿಯಾ ರಾಣಿ ಆ ಹುಡುಗಿಗೆ ತನ್ನ ಹೆಸರು ಕೊಟ್ಟು ಕ್ರೈಸ್ತಳನ್ನಾಗಿ ಮಾಡಿಸಿದಳು. ಅರಸ 1859ರಲ್ಲಿ ಲಂಡನ್ನಿನಲ್ಲೇ ಸತ್ತ. ತಾರೀಖಿನ ಪಟ್ಟಿಯಲ್ಲಿ 'ಕೊಡಗು ಕಂಪನಿಯ ವಶ' ಎಂದು ಮುಗಿಯುವ ಸಂಗತಿಯನ್ನು ಮಾಸ್ತಿಯವರು ಒಂದು ಅರಮನೆಯ ಒಳಗಿನ ಮಾತುಕತೆಯಾಗಿ, ದೊರೆಯ ತಪ್ಪು, ಮಂತ್ರಿಗಳ ಸಂಕಟ, ಜನರ ಬೇಸರವಾಗಿ ಬಿಡಿಸಿಟ್ಟರು.

1944ರ ಜೂನ್ 6, ಮಂಗಳವಾರ. ಅವರಿಗೆ ಐವತ್ಮೂರು ತುಂಬಿದ ದಿನ. ಸುಮಾರು 1,56,000 ಸೈನಿಕರು ಒಂದೇ ದಿನದಲ್ಲಿ ಸಮುದ್ರ, ಆಕಾಶಗಳ ದಾರಿಯಾಗಿ ಫ್ರಾನ್ಸಿನ ನೆಲಕ್ಕೆ ಇಳಿದರು. ಅದೇ ಹೊತ್ತಿಗೆ ನಮ್ಮ ಗಡಿಯಲ್ಲೇ, ಕೊಹಿಮಾದಲ್ಲಿ, ಜಪಾನೀಯರ ಮೇಲೆ ಹೋರಾಟ ಇನ್ನೂ ಮುಗಿದಿರಲಿಲ್ಲ. ನಾರ್ಮಂಡಿಗೆ ಸಿಕ್ಕ ಜಾಗ ಕೊಹಿಮಾಕ್ಕೆ ಆ ಪಟ್ಟಿಗಳಲ್ಲಿ ಸಿಗುವುದೇ ಇಲ್ಲ. ಮಾಸ್ತಿಯವರು ಆ ವೇಳೆಗೆ ಸರ್ಕಾರಿ ಕೆಲಸ ಬಿಟ್ಟಿದ್ದರು. ತಮಗೆ ನ್ಯಾಯವಾಗಿ ಬರಬೇಕಾದ ಮಂತ್ರಿ ಸಮಾನ ಹುದ್ದೆಗೆ ತಮ್ಮ ಕೈಕೆಳಗಿನವರನ್ನು ಏರಿಸಿದರೆಂದು ರಾಜೀನಾಮೆ ಬರೆದುಕೊಟ್ಟು ಬಂದವರು ಅವರು. ಮುಂದೆ ಸುಮಾರು ಎರಡು ದಶಕ 'ಜೀವನ' ಮಾಸಪತ್ರಿಕೆ ನಡೆಸಿದರು. ಅವರ ಹುದ್ದೆಗೆ ಬಂದವರ ಹೆಸರು ಇವತ್ತು ಯಾರಿಗೂ ನೆನಪಿಲ್ಲ.

1968ರ ಜೂನ್ 6ರಂದು ಕೆನಡಿ ಸತ್ತ ಸುದ್ದಿ ಬಂದಾಗ ಅವರಿಗೆ ಎಪ್ಪತ್ತೇಳು. ಅದೇ ವರ್ಷ ಸಣ್ಣಕಥೆಗಳಿಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1983ರ ಜ್ಞಾನಪೀಠ ಸಿಕ್ಕಾಗ ತೊಂಬತ್ತು ದಾಟಿತ್ತು. ಕುವೆಂಪು, ಬೇಂದ್ರೆ, ಕಾರಂತರ ನಂತರ ಕನ್ನಡಕ್ಕೆ ನಾಲ್ಕನೆಯದು. ಮುಂದಿನ ಹುಟ್ಟುಹಬ್ಬ, 1984ರ ಜೂನ್ 6, ಅಮೃತಸರದ ದುಃಖದ ದಿನ. ಇನ್ನೆರಡು ವರ್ಷಕ್ಕೆ, 1986ರಲ್ಲಿ, ಜೂನ್ 5ರಂದು ಲಾರ್ಡ್ಸ್‌ನಲ್ಲಿ ಭಾರತ ಇಂಗ್ಲೆಂಡ್ ಟೆಸ್ಟ್ ಶುರುವಾಗಿತ್ತು, ಮೆಕ್ಸಿಕೋದಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆಯುತ್ತಿತ್ತು. ಆ ಟೆಸ್ಟಿನ ಎರಡನೇ ದಿನ, ಶುಕ್ರವಾರ, ಬೆಂಗಳೂರಿನಲ್ಲಿ ಮಾಸ್ತಿಯವರು ಇಲ್ಲವಾದರು. ಕಪಿಲ್ ದೇವ್ ತಂಡ ಲಾರ್ಡ್ಸ್‌ನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದದ್ದು ಜೂನ್ 10ರಂದು. ಆ ವರ್ಷ ಆ ವಾರ ಕನ್ನಡ ಪತ್ರಿಕೆಗಳ ಓದುಗರಿಗೆ ಇವೆರಡೂ ಒಟ್ಟಿಗೇ ಬಂದವು.

ಇದೆಲ್ಲ ಲೋಕದ ಮಾತಾಯಿತು. ನಮ್ಮ ಜಿಲ್ಲೆಯಲ್ಲಿ ಜೂನ್ 6 ಎಂದರೆ ನಿಜವಾಗಿ ಏನು? ಶ್ರೀನಿವಾಸಪುರಕ್ಕೆ ಬನ್ನಿ. ದಿವಾನ್ ಪೂರ್ಣಯ್ಯ ತನ್ನ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟ ಊರು ಇದು, ಅದಕ್ಕೆ ಮುಂಚೆ ಪಾಪನಪಲ್ಲಿ. ಜೂನ್ ಮೊದಲ ವಾರ ಇಲ್ಲಿನ ಮಾವಿನ ಮಂಡಿ ಕಣ್ಣು ಮುಚ್ಚುವುದಿಲ್ಲ. ನಸುಕಿನಲ್ಲೇ ಟ್ರ್ಯಾಕ್ಟರು, ಟೆಂಪೊ ಸಾಲುಗಟ್ಟುತ್ತವೆ. ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ, ಸೇಂದೂರ ಬೇರೆಬೇರೆ ರಾಶಿ, ತೋತಾಪುರಿಯದು ಬೆಟ್ಟ. ಹುಲ್ಲು ಹಾಸಿದ ನೆಲದ ಮೇಲೆ ಕೂತು ಹೆಂಗಸರು ದಪ್ಪದ್ದು ಒಂದು ಕಡೆ, ಸಣ್ಣದು ಒಂದು ಕಡೆ, ಸೊನೆ ಸುಟ್ಟ ಕಲೆ ಇರುವುದು ಇನ್ನೊಂದು ಕಡೆ ಎಂದು ಆರಿಸುತ್ತಾರೆ. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ವ್ಯಾಪಾರಿಯ ಜತೆ ಉರ್ದು. ಲಾರಿ ಡ್ರೈವರಿನ ಜತೆ ತಮಿಳು. ತೋತಾಪುರಿ ಹೋಗುವುದು ಹಣ್ಣಿನಂಗಡಿಗಿಂತ ಹೆಚ್ಚಾಗಿ ಗಡಿಯಾಚೆಯ ಚಿತ್ತೂರು, ಕೃಷ್ಣಗಿರಿಯ ತಿರುಳಿನ ಕಾರ್ಖಾನೆಗಳಿಗೆ. 2025ರ ಜೂನ್ 7ರಂದು ಚಿತ್ತೂರಿನ ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು ಆದೇಶ ಹೊರಡಿಸಿತು. ತುಂಬಿದ ಲಾರಿಗಳು ಗಡಿಯಲ್ಲಿ ನಿಂತವು, ಬೆಲೆ ಬಿತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ವರ್ಷವಿಡೀ ಸಾಕಿದ ತೋಟದ ಕಾಯಿ ರಸ್ತೆ ಬದಿಗೆ ಸುರಿಯುವುದನ್ನು ಕಂಡ ಮನೆಗೆ ಅದಕ್ಕಿಂತ ದೊಡ್ಡ ಘಟನೆ ಆ ವರ್ಷ ಜಗತ್ತಿನಲ್ಲಿ ಇನ್ನೊಂದಿಲ್ಲ. ನಮ್ಮ ಜಿಲ್ಲೆಯ 'ಇತಿಹಾಸದಲ್ಲಿ ಈ ದಿನ' ಬರೆಯುವವರು ಅದನ್ನೂ ಬರೆದುಕೊಳ್ಳಬೇಕು.

ಮುಳಬಾಗಿಲಿಗೂ ಒಂದು ದಿನ ಇದೆ, ಮಾರ್ಚ್ 17. 1887ರ ಆ ದಿನ ಡಿ.ವಿ. ಗುಂಡಪ್ಪನವರು ಅಲ್ಲಿ ಹುಟ್ಟಿದರು. 1929ರಲ್ಲಿ ಮಾಸ್ತಿಯವರು ಅಧ್ಯಕ್ಷರಾದರೆ, ಮೂರೇ ವರ್ಷದ ಮೇಲೆ ಮಡಿಕೇರಿಯ ಸಮ್ಮೇಳನಕ್ಕೆ ಡಿವಿಜಿ ಅಧ್ಯಕ್ಷರು. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೆರೆ ನಂಬಿಕೊಂಡ ಒಂದು ಜಿಲ್ಲೆ ಕನ್ನಡಕ್ಕೆ ಇಷ್ಟು ಕೊಟ್ಟಿತು. ಮಾರ್ಚ್ 17 ಈಗ ರಾಜ್ಯಕ್ಕೆಲ್ಲ ಗೊತ್ತಿರುವುದು ಪುನೀತ್ ರಾಜ್‌ಕುಮಾರ್ ಹುಟ್ಟಿದ ದಿನವಾಗಿ, ಅದು ಸಂತೋಷವೇ. ಹುಡುಗರು ಅಪ್ಪುವಿನ ಹೆಸರಲ್ಲಿ ರಕ್ತ ಕೊಡುತ್ತಾರೆ, ಅನ್ನ ಹಾಕುತ್ತಾರೆ. ಅದೇ ಪೆಂಡಾಲಿನಲ್ಲಿ ಡಿವಿಜಿಯವರದೊಂದು ಪಟ ಇಟ್ಟರೆ ಮುಳಬಾಗಿಲಿನ ಅಭಿಮಾನಿಗಳು ಬೇಡ ಎನ್ನುವುದಿಲ್ಲ. ಆದರೆ ಆ ಹೊತ್ತು ಪರೀಕ್ಷೆಯ ಕಾಲ, ಶಾಲೆಗಳಿಗೆ ಬಿಡುವಿರುವುದಿಲ್ಲ.

ಜೂನ್ 6ಕ್ಕೆ ಆ ತೊಂದರೆ ಇಲ್ಲ. ಬೇಸಿಗೆ ರಜೆ ಮುಗಿಸಿ ಮಕ್ಕಳು ಶಾಲೆಗೆ ಬಂದು ವಾರವಾಗಿರುತ್ತದೆ, ಪಾಠ ಇನ್ನೂ ಬಿರುಸಾಗಿರುವುದಿಲ್ಲ. ಹಿಂದಿನ ದಿನ ಪರಿಸರ ದಿನಕ್ಕೆಂದು ಗಿಡ ನೆಟ್ಟಿರುತ್ತಾರೆ. ಕುವೆಂಪು ಹುಟ್ಟಿದ ಡಿಸೆಂಬರ್ 29ನ್ನು ಸರ್ಕಾರ ವಿಶ್ವಮಾನವ ದಿನ ಮಾಡಿದೆ. ಮಾಸ್ತಿಯವರ ದಿನವನ್ನು ಕಥೆಯ ದಿನ ಮಾಡುವುದಕ್ಕೆ ಆದೇಶಕ್ಕಾಗಿ ಕಾಯಬೇಕಾದ್ದೂ ಇಲ್ಲ. ಮಾಸ್ತಿ ಗ್ರಾಮದ ಅವರ ಮನೆ ಗ್ರಂಥಾಲಯವಾಗಿದೆ, ಮಾಲೂರು ತಾಲ್ಲೂಕಿನಲ್ಲಿ ಅವರ ಹೆಸರಿನ ವಸತಿ ಶಾಲೆಯಿದೆ, ಅವರ ಹೆಸರಿನ ಪ್ರಶಸ್ತಿ 1993ರಿಂದ ಸಾಹಿತಿಗಳಿಗೆ ಸಲ್ಲುತ್ತಿದೆ. ಹೆಸರು ಉಳಿದಿದೆ, ಓದಬೇಕಾದ್ದು ಕಥೆ.

ಮಧ್ಯಾಹ್ನದ ಕೊನೆಯ ಎರಡು ಪಿರಿಯಡ್ ಸಾಕು. ಗಟ್ಟಿಯಾಗಿ, ರಾಗವಿಲ್ಲದೆ, ಮಾತಾಡುವ ಹಾಗೆ ಓದುವ ಒಬ್ಬ ಮೇಷ್ಟರೋ ಮೇಡಮ್ಮೋ ಬೇಕು. ಎಂಟನೇ ಕ್ಲಾಸಿಗೆ 'ರಂಗನ ಮದುವೆ', ಹತ್ತನೆಯವರಿಗೆ 'ಮೊಸರಿನ ಮಂಗಮ್ಮ'. ಶ್ರೀನಿವಾಸಪುರದ ರಾಯಲ್ಪಾಡು ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೂ, ಕೋಲಾರದ ಉರ್ದು ಮನೆಗಳ ಮಕ್ಕಳಿಗೂ ಅಂದು ಒಂದು ಮಾತು ಮೊದಲೇ ಹೇಳಬೇಕು: ಇದನ್ನು ಬರೆದವರ ಮನೆಯಲ್ಲೂ ಕನ್ನಡ ಆಡುತ್ತಿರಲಿಲ್ಲ. ಕಥೆ ಮುಗಿದ ಮೇಲೆ ಪ್ರಶ್ನೋತ್ತರ, ಸಾರಾಂಶ ಯಾವುದೂ ಬೇಡ. ಶಾಮ ತನ್ನ ಹೊಸಹಳ್ಳಿಯ ಬಗ್ಗೆ ಹೇಳಿದಂತೆ, ನಕ್ಷೆಯವರು ಬಿಟ್ಟುಹೋದ ತಮ್ಮ ಊರಿನ ಬಗ್ಗೆ, ಅಲ್ಲಿನ ಕೆರೆ, ಕಾಯಿ, ಜಗಳಗಂಟ ಅಜ್ಜಿಯ ಬಗ್ಗೆ ಒಂದೊಂದು ಪುಟ ಬರೆಯಲು ಹೇಳಿ. ಕೆಳಗೆ ಹೆಸರು, ಊರು, ತಾರೀಖು ಹಾಕಿಸಿ ಶಾಲೆಯ ಬೀರುವಿನಲ್ಲಿ ಇಡಿ. ಮುಂದಿನ ವರ್ಷ ಜೂನ್ 6ರ ಬೆಳಗ್ಗೆ ಮೈಕಿನ ಮುಂದೆ ನಿಲ್ಲುವ ಹುಡುಗಿಗೆ ನಾರ್ಮಂಡಿಯ ಸಾಲು ಓದಿದ ಮೇಲೆ ಓದಲು ಅದರಲ್ಲಿ ಒಂದು ಪುಟ ಸಿಗುತ್ತದೆ.